.243 ರೈಫಲ್ ಗುಂಡು ಹಾಳೆಗೆ ಅಡ್ಡಡ್ಡ ಬೀಳ್ತಿದೆ, ಹೊಸ ಬ್ಯಾರೆಲ್ ಯಾವುದು ಹಾಕಿಸಲಿ?

ಹ್ಯೂಸ್ಟನ್ ಮಲ್ನಾಡಿಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ .243 ವಿಂಚೆಸ್ಟರ್ ಬೋಲ್ಟ್ ಆಕ್ಷನ್ ರೈಫಲ್ ಇದೆ. ಆಕ್ಷನ್ (ಬೋಲ್ಟ್ ಓಡಾಡುವ, ಬ್ಯಾರೆಲ್ ಜೋಡಿಸುವ ಭಾಗ) ರೆಮಿಂಗ್ಟನ್ 700 ಮಾದರಿಯದು. ಬ್ಯಾರೆಲ್ 22 ಇಂಚು, ತೆಳ್ಳಗಿನದು. ಡೆನ್ವರ್‌ನಲ್ಲಿದ್ದಾಗ 105 ಗ್ರೇನ್ (ಗುಂಡಿನ ತೂಕದ ಅಳತೆ) ಮ್ಯಾಚ್ ಗುಂಡು, ಅಂದರೆ ಸ್ಪರ್ಧೆಯ ಗುಂಡು, ಹೊಡೀತಿದ್ದೆ. ಹೇಳಿಕೊಳ್ಳುವಂಥ ಗ್ರೂಪ್ ಅಲ್ಲ, ಆದರೂ 100 ಗಜಕ್ಕೆ ಒಂದೂವರೆ ಇಂಚಿನೊಳಗೆ ಕೂರ್ತಿತ್ತು.

ಕೆಲಸ ಬದಲಾಗಿ ಹ್ಯೂಸ್ಟನ್‌ಗೆ ಬಂದೆವು. ಜನವರಿಯಲ್ಲಿ ಇಲ್ಲಿನ ರೇಂಜ್‌ಗೆ ಹೋದೆ. ಅದೇ ಗುಂಡು, ಅದೇ ಪೌಡರ್, ಅದೇ ಅಳತೆ. ಹಾಳೆ ತುಂಬ ಎಲ್ಲೆಲ್ಲೋ ಬಿದ್ದಿದೆ. ಹತ್ತಿರ ಹೋಗಿ ನೋಡಿದರೆ ತೂತುಗಳು ದುಂಡಗಿಲ್ಲ. ಕೆಲವು ಮೊಟ್ಟೆಯ ಆಕಾರ. ಒಂದೆರಡು ಕಡೆ ಗುಂಡು ಪಕ್ಕೆ ತಿರುಗಿಸಿಕೊಂಡು ಹಾದುಹೋದ ಹಾಗೆ ಕಾಗದ ಉದ್ದಕ್ಕೆ ಹರಿದಿದೆ. 87 ಗ್ರೇನ್ ಗುಂಡು ಹಾಕಿದರೆ ಮಾತ್ರ ಎಲ್ಲ ಸರಿ.

ರೇಂಜ್‌ನಲ್ಲಿ ಒಬ್ಬರು ಬ್ಯಾರೆಲ್ ಸವೆದಿದೆ ಅಂದರು. ಇನ್ನೊಬ್ಬರು ಇಲ್ಲಿ ತೇವ ಜಾಸ್ತಿ, ಗಾಳಿ ದಪ್ಪ, ಅದಕ್ಕೇ ಹೀಗೆ ಅಂದರು. ಹೇಗಿದ್ದರೂ ಈ ಆಕ್ಷನ್ ಇಟ್ಟುಕೊಂಡು ಹೊಸ ರೈಫಲ್ ಕಟ್ಟಿಸಬೇಕು ಅಂತ ಆಸೆ ಇದೆ. 600ರಿಂದ 1000 ಗಜಕ್ಕೆ ಸ್ಟೀಲ್ (ಉಕ್ಕಿನ ಗುರಿಫಲಕ) ಹೊಡೆಯೋದು, ಆಗಾಗ ಕ್ಲಬ್ ಮ್ಯಾಚ್, ವರ್ಷಕ್ಕೆ ಯಾವಾಗಲೋ ಒಮ್ಮೆ ಕಾಡುಹಂದಿ ಬೇಟೆ. ಯಾವ ಬ್ಯಾರೆಲ್ ತಗೊಳ್ಳಲಿ?

ಸಾವಿರ ಗಜ

ಸ್ವಾಗತ ಸರ್. ಬ್ಯಾರೆಲ್‌ಗೆ ದುಡ್ಡು ಕೊಡುವ ಮುಂಚೆ ಕಾಯಿಲೆ ಯಾವುದು ಅಂತ ಗೊತ್ತಾಗಲಿ. ಮೊದಲು ಒಂದು ಮಾತು: ಬ್ಯಾರೆಲ್ ತುದಿಗೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಅಥವಾ ಮಜಲ್ ಬ್ರೇಕ್ (ಹಿನ್ನೊದೆತ ತಗ್ಗಿಸುವ ತುಂಡು) ಹಾಕಿದ್ದರೆ ಈ 105 ಗ್ರೇನ್ ಗುಂಡನ್ನು ಇನ್ನು ಹೊಡೀಬೇಡಿ. ಓಲಾಡಿಕೊಂಡು ಹೊರಬರುವ ಗುಂಡು ಒಳಗಿನ ತಟ್ಟೆಗೆ ತಗುಲಿದರೆ ಅಪಾಯ.

ಎರಡು ಪರೀಕ್ಷೆ ಮಾಡಿ. ಕೋವಿ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಬ್ಯಾರೆಲ್ ತುದಿಯ ಅಂಚು, ಅಂದರೆ ಕ್ರೌನ್, ಅದರ ಒಳಗಿನಿಂದ ಹೊರಕ್ಕೆ ಒಂದು ಹತ್ತಿಯ ಕಡ್ಡಿ ಎಳೆಯಿರಿ. ಸುತ್ತಲೂ ಹೀಗೇ ಮಾಡಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಬಿದ್ದಿದೆ ಅಂತ ಅರ್ಥ.

ಆಮೇಲೆ ಟ್ವಿಸ್ಟ್ ಅಳೆಯಿರಿ, ಅಂದರೆ ಬ್ಯಾರೆಲ್ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತೆ ಅನ್ನೋದು. ಹಿಡಿ ತಿರುಗುವಂಥ ಕ್ಲೀನಿಂಗ್ ರಾಡ್ ಬೇಕು. ಬಿಗಿಯಾಗಿ ಕೂರುವ ಬಟ್ಟೆ ಸಿಕ್ಕಿಸಿ ಒಳಗೆ ತಳ್ಳಿ. ಗೀರು ಹಿಡಿದ ಮೇಲೆ ರಾಡ್ ತಾನಾಗಿ ತಿರುಗುತ್ತೆ. ರಾಡ್ ಮೇಲೆ ಬಾವುಟದ ಥರ ಒಂದು ಟೇಪ್ ತುಂಡು ಅಂಟಿಸಿ. ಟೇಪ್ ನೆಟ್ಟಗೆ ಮೇಲಕ್ಕಿದ್ದಾಗ ಒಂದು ಗುರುತು, ಪೂರ್ತಿ ಒಂದು ಸುತ್ತು ಬಂದು ಮತ್ತೆ ಮೇಲಕ್ಕಾದಾಗ ಇನ್ನೊಂದು ಗುರುತು. ಎರಡರ ನಡುವಿನ ಉದ್ದವೇ ಟ್ವಿಸ್ಟ್. ಗುಂಡಿನ ಉದ್ದವನ್ನೂ ಕ್ಯಾಲಿಪರ್‌ನಲ್ಲಿ ಅಳೆದು ಹಾಕಿ. ತೂಕಕ್ಕಿಂತ ಉದ್ದ ಇಲ್ಲಿ ಮುಖ್ಯ.

ಹ್ಯೂಸ್ಟನ್ ಮಲ್ನಾಡಿಗ

ಮಾಡಿದೆ ಸರ್. ಸಪ್ರೆಸರ್, ಬ್ರೇಕ್ ಎರಡೂ ಇಲ್ಲ. ಕ್ರೌನ್‌ನಲ್ಲಿ ಹತ್ತಿ ಎಲ್ಲೂ ಸಿಕ್ಕಲಿಲ್ಲ. ಟ್ವಿಸ್ಟ್ ಮತ್ತೆ ಮತ್ತೆ ಅಳೆದೆ, 10 ಇಂಚೇ ಬರ್ತಿದೆ. 105 ಗ್ರೇನ್ ಗುಂಡಿನ ಉದ್ದ 1.24 ಇಂಚು. 87 ಗ್ರೇನ್‌ದು ಸುಮಾರು 1 ಇಂಚು.

ಸಾವಿರ ಗಜ

ಹಾಗಾದರೆ ಉತ್ತರ ಸಿಕ್ಕಿತು. ನಿಮ್ಮ ಬ್ಯಾರೆಲ್ ಸವೆದಿಲ್ಲ. ಆ ಗುಂಡಿಗೆ ಬೇಕಾದಷ್ಟು ಸುತ್ತು ಅದು ಕೊಡ್ತಾ ಇಲ್ಲ, ಅಷ್ಟೇ. ಸವೆದಿದ್ದರೆ 87 ಗ್ರೇನ್ ಕೂಡ ಅಷ್ಟು ಚೆನ್ನಾಗಿ ಕೂರ್ತಿರಲಿಲ್ಲ.

ಉದ್ದನೆಯ ಗುಂಡು ನೆಟ್ಟಗೆ ಹೋಗಬೇಕಾದರೆ ವೇಗವಾಗಿ ಸುತ್ತಬೇಕು. ಎಷ್ಟು ಸುತ್ತಬೇಕು ಅನ್ನೋದಕ್ಕೆ 1879ರಲ್ಲೇ ಗ್ರೀನ್‌ಹಿಲ್ ಒಂದು ಸೂತ್ರ ಕೊಟ್ಟಿದ್ದ. ಈಗ ಹೆಚ್ಚು ಜನ ಬಳಸೋದು ಡಾನ್ ಮಿಲ್ಲರ್ ಸೂತ್ರ. ಗುಂಡಿನ ತೂಕ, ದಪ್ಪ, ಉದ್ದ, ಟ್ವಿಸ್ಟ್ ಹಾಕಿದರೆ ಒಂದು ಅಂಕಿ ಬರುತ್ತೆ. 1ಕ್ಕಿಂತ ಕೆಳಗಿದ್ದರೆ ಗುಂಡು ಪಲ್ಟಿ ಹೊಡೆಯುತ್ತೆ. 1.5 ಇದ್ದರೆ ನೆಮ್ಮದಿ. ನಡುವೆ ಇದ್ದರೆ ಹೇಗೋ ಹೋಗುತ್ತೆ, ಆದರೆ ಗಾಳಿಯನ್ನು ಸೀಳುವ ಶಕ್ತಿ ಸ್ವಲ್ಪ ಕಳೆದುಕೊಳ್ಳುತ್ತೆ.

ನಿಮ್ಮ ಅಳತೆ ಹಾಕಿ ಲೆಕ್ಕ ಮಾಡಿದೆ. ಸಮುದ್ರ ಮಟ್ಟದಲ್ಲಿ 105 ಗ್ರೇನ್‌ಗೆ 0.95ರ ಹತ್ತಿರ ಬರುತ್ತೆ. 87 ಗ್ರೇನ್‌ಗೆ 1.46. ಹಾಳೆಯಲ್ಲಿ ಕಂಡಿದ್ದು ಇದೇ ಅಲ್ವಾ?

ಮತ್ತೆ ಡೆನ್ವರ್‌ನಲ್ಲಿ ಹೇಗೆ ನಡೀತಿತ್ತು? ಆ ಊರು 5280 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡ 82ರಷ್ಟು ಮಾತ್ರ. ತೆಳು ಗಾಳಿ ಗುಂಡನ್ನು ಬೀಳಿಸುವುದೂ ಕಡಿಮೆ. ಹಾಗಾಗಿ ಅದೇ ಅಂಕಿ ಅಲ್ಲಿ 1.15ರ ಆಸುಪಾಸಿಗೆ ಏರುತ್ತೆ. ಅಂಚಿನಲ್ಲಿ ಬದುಕಿದ್ದ ಗುಂಡು ಹ್ಯೂಸ್ಟನ್‌ಗೆ ಬಂದಾಗ ಅಂಚಿನಿಂದ ಕೆಳಕ್ಕೆ ಬಿತ್ತು. ಜನವರಿಯ ಚಳಿ ಇನ್ನೊಂಚೂರು ತಳ್ಳಿತು, ಯಾಕಂದರೆ ತಣ್ಣನೆಯ ಗಾಳಿ ದಟ್ಟ. ತೇವದ ಮಾತು ಮಾತ್ರ ಉಲ್ಟಾ. ನೀರಾವಿ ತುಂಬಿದ ಗಾಳಿ ಒಣಗಾಳಿಗಿಂತ ಸ್ವಲ್ಪ ಹಗುರ. ಹ್ಯೂಸ್ಟನ್ ತೇವವನ್ನು ಇದಕ್ಕೆ ಬಯ್ಯಬೇಡಿ.

ನನ್ನ ಸಲಹೆ ಇಷ್ಟು: ಗುಂಡು ಯಾವುದು ಅಂತ ಮೊದಲು ತೀರ್ಮಾನ ಮಾಡಿ, ಬ್ಯಾರೆಲ್ ಆಮೇಲೆ. ಬಹಳ ಜನ ಬ್ರಾಂಡ್‌ನಿಂದ ಶುರು ಮಾಡ್ತಾರೆ. ಅಲ್ಲೇ ದಾರಿ ತಪ್ಪೋದು.

ಲೇತ್ ಮನೆ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮಷೀನ್ ಶಾಪ್‌ನಲ್ಲಿ ಕೆಲಸ ಮಾಡುವವಳು, ಬ್ಯಾರೆಲ್ ಕೂರಿಸೋದು ನಮ್ಮ ದಿನದ ಕೆಲಸ. ಮುಂದಿನದ್ದು ನಾನು ಹೇಳ್ತೀನಿ.

ನಿಮಗೆ .243 ಬಿಡೋಕೆ ಇಷ್ಟ ಇಲ್ಲದಿದ್ದರೆ 1:8 (8 ಇಂಚಿಗೆ ಒಂದು ಸುತ್ತು) ಅಥವಾ 1:7.5 ಟ್ವಿಸ್ಟ್ ಇರುವ ಬ್ಯಾರೆಲ್ ಹಾಕಿಸಿ. ನಿಮ್ಮ 105 ಗ್ರೇನ್ ಗುಂಡಿಗೆ 1:8ರಲ್ಲಿ ಸುಮಾರು 1.5 ಬರುತ್ತೆ, 1:7.5ರಲ್ಲಿ 1.7. ಸಮುದ್ರದ ಪಕ್ಕ ಇದ್ದೀರಿ, ನಾನಾದರೆ 1:7.5 ತಗೊಳ್ತೀನಿ. ಟ್ವಿಸ್ಟ್ ಜಾಸ್ತಿ ಆದರೆ ಗುರಿ ಕೆಡುತ್ತೆ ಅನ್ನುವ ಹಳೇ ಭಯ ಈಗಿನ ಒಳ್ಳೆ ಮ್ಯಾಚ್ ಗುಂಡಿಗೆ ಬೇಡ. ತೆಳು ಜಾಕೆಟ್‌ನ (ಗುಂಡಿನ ಹೊರಗಿನ ಲೋಹದ ಕವಚ) ಸಣ್ಣ ಗುಂಡನ್ನು ಮಾತ್ರ ಅದರಲ್ಲಿ ಜೋರಾಗಿ ಓಡಿಸಬೇಡಿ. ಸೆಕೆಂಡಿಗೆ 2950 ಅಡಿ ವೇಗದಲ್ಲಿ 1:7.5 ಬ್ಯಾರೆಲ್‌ನಿಂದ ಹೊರಟ ಗುಂಡು ನಿಮಿಷಕ್ಕೆ 2,83,200 ಸುತ್ತು ತಿರುಗುತ್ತೆ. ತೆಳು ಜಾಕೆಟ್ ಅದನ್ನು ತಡೀದೆ ಗಾಳಿಯಲ್ಲೇ ಚೂರಾಗಬಹುದು.

ಆದರೆ ಒಂದು ಕೇಳ್ತೀನಿ. ತೋಟಾ ನೀವೇ ತುಂಬ್ತೀರಾ, ಅಂಗಡಿಯದ್ದು ತಗೊಳ್ತೀರಾ? ಯಾಕಂದರೆ .243ಕ್ಕೆ ಬಾಯಿ ಸಣ್ಣ, ಹೊಟ್ಟೆ ದೊಡ್ಡದು. ಪೌಡರ್‌ನ ಬೆಂಕಿಯೆಲ್ಲ ಸಣ್ಣ ತೂತಿನಲ್ಲಿ ನುಗ್ಗಿ ಬ್ಯಾರೆಲ್‌ನ ಗಂಟಲನ್ನು (ಗೀರು ಶುರುವಾಗುವ ಜಾಗ) ಬೇಗ ತಿನ್ನುತ್ತೆ. ಮ್ಯಾಚ್ ಮಟ್ಟದ ನಿಖರತೆ ಬೇಕಾದರೆ .243ನಂಥ 6 ಎಂಎಂ ಬ್ಯಾರೆಲ್‌ಗಳು ಸುಮಾರು 1500ರಿಂದ 2000 ಗುಂಡಿಗೆ ಸುಸ್ತಾಗ್ತವೆ. 6.5 ಕ್ರೀಡ್‌ಮೋರ್ ಅನ್ನುವ ತೋಟಾದ ಬ್ಯಾರೆಲ್ 2500 ದಾಟಿಯೂ ಹೋಗುತ್ತೆ. .308 ಇನ್ನೂ ಎಷ್ಟೋ ಹೆಚ್ಚು. ಬ್ಯಾರೆಲ್ ಅನ್ನೋದು ಟೈರ್ ಇದ್ದ ಹಾಗೆ, ಸವೆಯೋಕೇ ಇರೋದು. ಎಷ್ಟು ಹೊಡೀತೀರಿ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಿ.

.243, .308, 6.5 ಕ್ರೀಡ್‌ಮೋರ್ ಮೂರಕ್ಕೂ ಬೋಲ್ಟ್ ಮುಖ (ತೋಟಾದ ಬುಡ ಕೂರುವ ಜಾಗ) ಒಂದೇ, ಮೂರೂ ಶಾರ್ಟ್ ಆಕ್ಷನ್‌ನಲ್ಲಿ ಕೂರ್ತವೆ. ಬೋಲ್ಟ್ ಬದಲಿಸುವ ಖರ್ಚಿಲ್ಲ.

ಇನ್ನು ದಪ್ಪ. ಬ್ಯಾರೆಲ್‌ನ ಬಿಗಿ (ಬಾಗದಿರುವ ಗುಣ) ಅದರ ಅಡ್ಡಳತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ. 0.6 ಇಂಚಿನದಕ್ಕಿಂತ 0.9 ಇಂಚಿನದು ಹತ್ತಿರ ಹತ್ತಿರ ಐದು ಪಟ್ಟು ಬಿಗಿ. ಉದ್ದ ಇದಕ್ಕೆ ವಿರುದ್ಧ: 24 ಇಂಚಿನ ಬದಲು 26 ತಗೊಂಡರೆ ಬಾಗುವಿಕೆ ಕಾಲು ಭಾಗಕ್ಕಿಂತ ಹೆಚ್ಚುತ್ತೆ. ಒಂದು ಇಂಚಿಗೆ ಸಿಗುವ ವೇಗ ಇಪ್ಪತ್ತು ಇಪ್ಪತ್ತೈದು ಅಡಿ ಅಷ್ಟೆ. 24 ಇಂಚು, ಎಂ24 ಕಾಂಟೂರ್ (ಹೊರಗಿನ ದಪ್ಪದ ಒಂದು ಮಾದರಿ) ನಿಮ್ಮ ಕೆಲಸಕ್ಕೆ ಸಾಕು. ಇನ್ನೂ ದಪ್ಪಗಿರೋದು ಮ್ಯಾಚ್‌ಗೆ ಚೆಂದ, ಹಂದಿ ಹಿಂದೆ ಹೊತ್ತುಕೊಂಡು ಹೋಗೋಕೆ ಅಲ್ಲ.

ಗೀರು ಕೊರೆಯುವ ರೀತಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕ್ರೀಗರ್, ಬಾರ್ಟ್‌ಲೀನ್ ಅವರದ್ದು ಕಟ್ ರೈಫ್ಲಿಂಗ್. ಒಂದೇ ಕೊಕ್ಕೆಯ ಉಳಿ ಪ್ರತಿ ಸಲ ಕೂದಲೆಳೆಗಿಂತ ತೆಳುವಾಗಿ ಲೋಹ ಕೆರೆದು ತೆಗೆಯುತ್ತೆ. ಟೆಕ್ಸಾಸ್‌ನ ಎನಿಸ್‌ನಲ್ಲಿರುವ ಶೈಲೆನ್ ಅವರದ್ದು ಬಟನ್. ಕಾರ್ಬೈಡ್ ಗುಂಡಿಯೊಂದನ್ನು ಒಳಗೆ ಹಾಯಿಸಿ ಲೋಹವನ್ನು ಒತ್ತಿ ಗೀರು ಮೂಡಿಸ್ತಾರೆ. ಹೀಗೆ ಒತ್ತಿದಾಗ ಉಕ್ಕಿನಲ್ಲಿ ಬಿಗುವು ಉಳಿಯುತ್ತೆ, ಅದನ್ನು ಕಾಯಿಸಿ ಬಿಡಿಸಬೇಕು. ಬಿಡಿಸದೆ ಹೊರಗಡೆ ತಿರುವಿ ತೆಳ್ಳಗೆ ಮಾಡಿದರೆ ಒಳಗಿನ ತೂತು ತುದಿಯ ಕಡೆ ಅಗಲ ಆಗುತ್ತೆ. ಒಳ್ಳೆಯ ತಯಾರಕರು ಇದನ್ನೆಲ್ಲ ನೋಡಿಕೊಳ್ತಾರೆ. ಎರಡೂ ರೀತಿಯ ಬ್ಯಾರೆಲ್‌ಗಳು ಮ್ಯಾಚ್ ಗೆಲ್ತವೆ. ಲೋಹ 416ಆರ್ ಸ್ಟೇನ್‌ಲೆಸ್ ಇರಲಿ. ಹ್ಯೂಸ್ಟನ್ ಹವೆಯಲ್ಲೂ ಅದಕ್ಕೆ ತುಕ್ಕಿನ ಕಾಟ ಕಡಿಮೆ.

ಕೊಡಗು ಕೋವಿ

ಅಕ್ಕ ಹೇಳಿದ್ದಕ್ಕೆ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಹಂದಿ ಬೇಟೆಯೂ ಇದೆ ಅಂದಿದ್ದಾರೆ. ಕಾರ್ಬನ್ ಫೈಬರ್ ಸುತ್ತಿದ ಬ್ಯಾರೆಲ್ ಯಾಕಾಗಬಾರದು? ಒಳಗೆ ತೆಳು ಸ್ಟೇನ್‌ಲೆಸ್, ಹೊರಗೆ ಕಾರ್ಬನ್. ನೋಡೋಕೆ ದಪ್ಪ, ಹೊರೋಕೆ ಹಗುರ. ನಾನು ಅದನ್ನೇ ಹೊತ್ತು ತಿರುಗ್ತೀನಿ, ಹೆಗಲು ಉಳಿದಿದೆ.

ಊರಲ್ಲಿ ಜೋಡುನಳಿಗೆ ನೋಡಿ ಬೆಳೆದ ನಮಗೆ ಈ ಟ್ವಿಸ್ಟ್ ವಿಷಯ ಹೊಸದು. ಆ ನಳಿಗೆಯೊಳಗೆ ಗೀರೇ ಇರಲ್ಲ, ನುಣ್ಣಗೆ ಕನ್ನಡಿ ಥರ. ಹಾಗಾಗಿ ರೈಫಲ್ ತಗೊಳ್ಳುವಾಗ ನಮ್ಮವರು ಉದ್ದ, ತೂಕ ಎಲ್ಲ ಕೇಳ್ತಾರೆ, ಟ್ವಿಸ್ಟ್ ಕೇಳೋದನ್ನ ಬಿಡ್ತಾರೆ.

ಲೇತ್ ಮನೆ

ಬೇಟೆಯೇ ಮುಖ್ಯ ಆಗಿದ್ದರೆ ನಾನೂ ಕಾರ್ಬನ್ ಅಂತಲೇ ಹೇಳ್ತಿದ್ದೆ ತಮ್ಮ. ಇವರದು ಸ್ಟೀಲ್ ಮತ್ತು ಮ್ಯಾಚ್. ಒಂದೇ ಸಮ ಹತ್ತು ಹನ್ನೆರಡು ಗುಂಡು ಹೊಡೆದಾಗ ಬಿಸಿಯನ್ನು ಹೀರೋಕೆ ಉಕ್ಕಿನ ರಾಶಿ ಬೇಕು. ಜೊತೆಗೆ ಕಾರ್ಬನ್‌ಗೆ ಬೆಲೆ ಜಾಸ್ತಿ, ಗಂಟಲು ಸವೆಯೋದು ಮಾತ್ರ ಅಷ್ಟೇ ಬೇಗ.

ಹ್ಯೂಸ್ಟನ್ ಮಲ್ನಾಡಿಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೋಟಾ ತುಂಬೋಕೆ ಈಗ ಪುರುಸೊತ್ತಿಲ್ಲ, ಮನೇಲಿ ಚಿಕ್ಕ ಮಗು. ಅಂಗಡಿ ತೋಟಾನೇ ಗತಿ. ಹಾಗಾಗಿ 6.5 ಕ್ರೀಡ್‌ಮೋರ್, 140 ಗ್ರೇನ್ ಅಂತ ತೀರ್ಮಾನ ಮಾಡಿದೀನಿ. 1:8, 24 ಇಂಚು, ಎಂ24. ಇದಕ್ಕೆ ಆ ಸೂತ್ರದಲ್ಲಿ 1.6 ದಾಟುತ್ತೆ, ನಾನೇ ಲೆಕ್ಕ ಹಾಕಿದೆ.

ಇನ್ನೆರಡು ಪ್ರಶ್ನೆ. ಪ್ರೀಫಿಟ್ (ಮೊದಲೇ ಅಳತೆಗೆ ಕೊರೆದು ಸಿದ್ಧ ಮಾಡಿದ ಬ್ಯಾರೆಲ್) ತರಿಸಿ ನಾನೇ ಕೂರಿಸಲಾ, ಗನ್‌ಸ್ಮಿತ್ ಹತ್ತಿರ ಕೊಡಲಾ? ಮತ್ತೆ, ಹಳೇ ಬ್ಯಾರೆಲ್ ನನ್ನ ಭಾವನಿಗೆ ಊರಿಗೆ ತಗೊಂಡು ಹೋಗಬಹುದಾ? ಅವರ ಹತ್ತಿರ ಲೈಸೆನ್ಸ್ ಇದೆ.

ಸಾವಿರ ಗಜ

ಎರಡನೆಯದಕ್ಕೆ ಉತ್ತರ ಚಿಕ್ಕದು: ಬೇಡವೇ ಬೇಡ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕೋವಿ ಅಂತ ಲೆಕ್ಕ ಆಗೋದು ರಿಸೀವರ್ (ಆಕ್ಷನ್‌ನ ಮುಖ್ಯ ಒಡಲು), ಅದಕ್ಕೇ ಬ್ಯಾರೆಲ್ ಸೀದಾ ಮನೆಗೆ ಬರುತ್ತೆ. ಆದರೆ ದೇಶದಿಂದ ಆಚೆ ಕೊಂಡೊಯ್ಯೋಕೆ ರಫ್ತು ನಿಯಮ ಇವೆ. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಶಸ್ತ್ರವೇ. ಭಾವನ ಲೈಸೆನ್ಸ್ ನಿಮ್ಮ ಸೂಟ್‌ಕೇಸ್‌ಗೆ ರಕ್ಷಣೆ ಕೊಡಲ್ಲ. ಹಳೇ ಬ್ಯಾರೆಲ್ ಎಣ್ಣೆ ಹಚ್ಚಿ ಇಟ್ಟುಕೊಳ್ಳಿ, 87 ಗ್ರೇನ್‌ಗೆ ಅದು ಇನ್ನೂ ಒಳ್ಳೆಯದೇ.

ಲೇತ್ ಮನೆ

ಮೊದಲನೆಯದು ನನಗಿರಲಿ. ಕಾರ್ಖಾನೆಯ 700 ಆಕ್ಷನ್‌ಗಳು ಅಳತೆಯಲ್ಲಿ ಒಂದರಂತೆ ಒಂದಿರಲ್ಲ. ಹಾಗಾಗಿ ಭುಜ ಇರುವ ಪ್ರೀಫಿಟ್ ಅನ್ನು ಕಣ್ಣು ಮುಚ್ಚಿ ತಿರುಗಿಸಿ ಬಿಗಿ ಮಾಡೋಕೆ ಆಗಲ್ಲ. ನಟ್ ಇರುವ ಪ್ರೀಫಿಟ್ ಆದರೆ ಗೋ, ನೋ-ಗೋ ಗೇಜ್ (ತೋಟಾ ಆಕಾರದ ಅಳತೆ ತುಂಡುಗಳು) ಇಟ್ಟುಕೊಂಡು ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಸಿಗುವ ಜಾಗ, ಹೊಂದಿಸಬಹುದು. ಗೋ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಮುಚ್ಚಿದರೆ ಹೊಡೀಬೇಡಿ, ಅಲ್ಲಿಗೆ ನಿಲ್ಲಿಸಿ. ಜೊತೆಗೆ ಬ್ಯಾರೆಲ್ ವೈಸ್, ಆಕ್ಷನ್ ವ್ರೆಂಚ್ ಬೇಕು. 700ರಲ್ಲಿ ರಿಕಾಯಿಲ್ ಲಗ್ (ಹಿನ್ನೊದೆತ ತಡೆಯುವ ತುಂಡು) ಬ್ಯಾರೆಲ್‌ಗೂ ಆಕ್ಷನ್‌ಗೂ ನಡುವೆ ಬಿಡಿಯಾಗಿ ಕೂರುತ್ತೆ, ಅದು ಓರೆ ಆಗದ ಹಾಗೆ ಹಿಡೀಬೇಕು. ಇಷ್ಟೆಲ್ಲ ಸಲಕರಣೆ ಒಂದೇ ಬ್ಯಾರೆಲ್‌ಗೋಸ್ಕರ ಕೊಳ್ಳೋದು ನನಗೆ ಸರಿ ಕಾಣಲ್ಲ. ಒಳ್ಳೆ ಗನ್‌ಸ್ಮಿತ್ ಹತ್ತಿರ ಕೊಡಿ.

ಆಕ್ಷನ್ ಟ್ರೂ ಮಾಡಿಸುವಾಗ (ಓರೆಕೋರೆ ತೆಗೆಸುವಾಗ) ಒಂದು ಕೇಳಿಕೊಳ್ಳಿ. ಒಳಗಿನ ಥ್ರೆಡ್ ಕೂಡ ಮತ್ತೆ ಕೊರೆದರೆ ಅದು ಅಳತೆಗಿಂತ ದೊಡ್ಡದಾಗುತ್ತೆ. ಆಮೇಲೆ ಮಾಮೂಲಿ ಪ್ರೀಫಿಟ್ ಯಾವುದೂ ಸರಿಯಾಗಿ ಕೂರಲ್ಲ. ಮುಂದೆ ನೀವೇ ಬದಲಿಸುವ ಯೋಚನೆ ಇದ್ದರೆ ಥ್ರೆಡ್ ಮುಟ್ಟಬೇಡಿ ಅಂತ ಹೇಳಿ.

ಮುಂದೆ ಸಪ್ರೆಸರ್ ಅಥವಾ ಬ್ರೇಕ್ ಹಾಕೋದಾದರೆ ಅಂತ ಬ್ಯಾರೆಲ್ ತುದಿಗೆ 5/8-24 ಥ್ರೆಡ್ ಈಗಲೇ ಹಾಕಿಸಿಬಿಡಿ. ಆಕ್ಷನ್ ಕಳಿಸುವಾಗ ಬೋಲ್ಟ್ ಕೂಡ ಜೊತೆಗಿರಲಿ, ಹೆಡ್‌ಸ್ಪೇಸ್ ಆ ಬೋಲ್ಟ್‌ಗೇ ಹೊಂದಿಸೋದು. ನೀವು ಹೊಡೆಯುವ 140 ಗ್ರೇನ್ ಗುಂಡನ್ನು ಪೌಡರ್, ಪ್ರೈಮರ್ ಇಲ್ಲದ ಖಾಲಿ ಕೇಸ್‌ನಲ್ಲಿ ಅಂಗಡಿ ತೋಟಾದಷ್ಟೇ ಉದ್ದಕ್ಕೆ ಕೂರಿಸಿದ ಒಂದು ಡಮ್ಮಿ, ನಿಮ್ಮ ಮ್ಯಾಗಜೀನ್ ಎರಡನ್ನೂ ಅದೇ ಪೆಟ್ಟಿಗೆಯಲ್ಲಿಡಿ. ಗಂಟಲು ಎಷ್ಟು ಉದ್ದ ಕೊರೀಬೇಕು ಅನ್ನೋದನ್ನ ಅವರು ಅದನ್ನು ನೋಡಿಯೇ ನಿರ್ಧರಿಸ್ತಾರೆ.