ಸೋಶಿಯಲ್ ವರ್ಕ್ ಓದಿ ಮಾನವ ಹಕ್ಕು ಕಡೆ ಹೋಗ್ಬೇಕಂತ ಅದ, ಗೊತ್ತಿದ್ದೋರು ಅನುಭವ ಹೇಳ್ರಿ

ಕೇಳಿದಾಕಿ, ಸಿಂಧನೂರು:
ನಮಸ್ಕಾರ ಎಲ್ಲರಿಗೂ. ಈ ವರ್ಷ ನಂದು ಬಿಎ ಮುಗೀತದ, ಸಮಾಜಶಾಸ್ತ್ರ ಇತ್ತು. ಎಂಎಸ್‌ಡಬ್ಲ್ಯೂ, ಅಂದ್ರ ಸೋಶಿಯಲ್ ವರ್ಕ್ ಮಾಸ್ಟರ್ಸ್, ಮಾಡ್ಬೇಕಂತ ಮೊದ್ಲಿಂದ ಮನಸ್ಸಿತ್ತು, ಆದ್ರ ಸ್ವೀಡನ್ನಿನ ಗೋಥೆನ್‌ಬರ್ಗ್ ಯೂನಿವರ್ಸಿಟಿಯೊಳಗ ಸೋಶಿಯಲ್ ವರ್ಕ್ ಮತ್ತ ಹ್ಯೂಮನ್ ರೈಟ್ಸ್ ಎರಡೂ ಕೂಡ್ಸಿ ಎರಡು ವರ್ಷದ ಮಾಸ್ಟರ್ಸ್ ಅದ, ಇಂಗ್ಲಿಷಿನಾಗೇ ಕಲಿಸ್ತಾರ ಅಂತ ನೋಡಿದಾಗಿಂದ ತಲ್ಯಾಗ ಅದೇ ಕುಂತದ. ಅಪ್ಪ "ಸಮಾಜ ಸೇವಾ ಮಾಡಾಕ ಡಿಗ್ರಿ ಯಾಕ ಬೇಕವ್ವ, ಅದಕ್ಕ ಅಷ್ಟು ದೂರ ಯಾಕ" ಅಂತಾನ. ಇಲ್ಲೇ ಎಂಎಸ್‌ಡಬ್ಲ್ಯೂ ಮಾಡಿ ಹೋಗ್ಲೋ, ಸೀದಾ ಅಲ್ಲಿಗೇ ಟ್ರೈ ಮಾಡ್ಲೋ? ಓದಿದ ಮ್ಯಾಲ ಕೆಲಸ ಏನು? ಈ ದಾರಿ ನಡೆದೋರು ಇದ್ರ ಹೇಳ್ರಿ.

ಬಳ್ಳಾರಿಯಿಂದ, ಎಂಎಸ್‌ಡಬ್ಲ್ಯೂ ಮುಗಿಸಿ ಒಂಬತ್ತು ವರ್ಷ:
ಮೊದ್ಲು ನಿಮ್ಮ ಅಪ್ಪಂಗೆ ಹೇಳು, ಸಮಾಜ ಸೇವೆ ಬೇರೆ ಸಮಾಜಕಾರ್ಯ ಬೇರೆ. ಸಮಾಜ ಸೇವಕರು ನಮ್ಮ ರಾಯಲ್ ಸರ್ಕಲ್‌ನಾಗ ಫ್ಲೆಕ್ಸ್ ಮೇಲೆ ಇರ್ತಾರೆ, ಬರ್ತ್‌ಡೇ ದಿನ ಆಸ್ಪತ್ರೆಗೆ ಹೋಗಿ ಬಾಳೆಹಣ್ಣು ಹಂಚಿ ಫೋಟೋ ತೆಗೆಸ್ಕೊಂತಾರೆ, ಅದಕ್ಕೆ ಡಿಗ್ರಿ ಬೇಡ ನಿಜ. ಅಂತರರಾಷ್ಟ್ರೀಯ ಸಮಾಜಕಾರ್ಯಕರ್ತರ ಒಕ್ಕೂಟ 2014ರಲ್ಲಿ ಮೆಲ್ಬೋರ್ನ್‌ನಲ್ಲಿ ಒಪ್ಪಿದ ವ್ಯಾಖ್ಯೆ ಐತೆ, ಅದರೊಳಗೆ ಸಾಮಾಜಿಕ ನ್ಯಾಯ ಮತ್ತೆ ಮಾನವ ಹಕ್ಕು ಈ ವೃತ್ತಿಗೆ ಕೇಂದ್ರ ಅಂತಾನೇ ಬರ್ದಿದೆ. ಅಂದ್ರೆ ಹಕ್ಕು ಅನ್ನೋದು ಸೋಶಿಯಲ್ ವರ್ಕ್‌ನಾಗ ಒಂದು ಎಕ್ಸ್‌ಟ್ರಾ ಪೇಪರ್ ಅಲ್ಲ. ನಮ್ಮ ಕ್ಲಾಸಿನಾಗ ಇದನ್ನ ಐದು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿಸಿದ್ರು, ಅದು ಬೇರೆ ಕಥೆ.

ನಂಗೆ ಇದು ತಿಳಿದಿದ್ದು ಫೀಲ್ಡ್‌ವರ್ಕ್‌ನಾಗ. ವಾರಕ್ಕೆ ಎರಡು ದಿನ ಹಳ್ಳಿಗೆ ಹೋಗ್ಬೇಕಿತ್ತು, ಹತ್ತಿ ಬೀಜದ ಹೊಲಗಳಿರೋ ಊರು. ನಿಮ್ಮ ಕಡೆನೂ ಇದೆಯಲ್ಲ ಕ್ರಾಸಿಂಗ್ ಕೆಲಸ, ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯೋದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಮುಟ್ಟಿಸೋದು, ಸಣ್ಣ ಕೈ ಬೇಕು ಅಂತ ಹೆಣ್ಮಕ್ಕಳನ್ನ ಕರ್ಕೊಂಡು ಹೋಗ್ತಾರೆ. ಆರನೇ ಕ್ಲಾಸಿನ ಹುಡುಗಿ ಸ್ಕೂಲಿಗೆ ಬರ್ತಿರಲಿಲ್ಲ, ನಾನು ಮನೆಗೆ ಹೋಗಿ ಅವರವ್ವಂಗೆ ಓದಿನ ಮಹತ್ವ ಅಂತ ಅರ್ಧ ಗಂಟೆ ಭಾಷಣ ಮಾಡಿ ಬಂದು ರಿಪೋರ್ಟ್‌ನಾಗ "ತಾಯಿಗೆ ಅರಿವಿನ ಕೊರತೆ" ಅಂತ ಬರೆದೆ. ನನ್ನ ಸೂಪರ್‌ವೈಸರ್ ಅದಕ್ಕೆ ಕೆಂಪು ಪೆನ್ನಲ್ಲಿ ಗೀಟು ಹಾಕಿ, ಅವಳಿಗೆ ಏನು ಕೊರತೆ ಅಂತ ಬರೀಬೇಡ, ಅವಳಿಗೆ ಯಾರು ಏನು ಕೊಡಬೇಕಿತ್ತು, ಯಾಕೆ ಕೊಟ್ಟಿಲ್ಲ ಅಂತ ಬರಿ ಅಂದ್ರು. ಅಲ್ಲಿಂದ ಕೇಸೇ ಬೇರೆ ಆಯ್ತು. ಹೈಸ್ಕೂಲು ಎಷ್ಟು ದೂರ, ಬಸ್ಸು ಎಷ್ಟೊತ್ತಿಗೆ, ಅಪ್ಪ ತಗೊಂಡ ಮುಂಗಡ ಎಷ್ಟು, ಏಜೆಂಟ್ ಯಾರು, ಲೇಬರ್ ಇನ್ಸ್‌ಪೆಕ್ಟರ್ ಕೊನೇ ಸಲ ಬಂದಿದ್ದು ಯಾವಾಗ.

ಆಮೇಲೆ ಕಾನೂನು ಓದಿದೆ. 2016ರ ತಿದ್ದುಪಡಿಯಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳ ದುಡಿಮೆ ಪೂರ್ತಿ ನಿಷೇಧ, ಆದ್ರೆ ಸ್ಕೂಲು ಬಿಟ್ಟ ಮೇಲೆ ಮನೆಯವರ ಕೆಲಸಕ್ಕೆ ಕೈ ಜೋಡಿಸಬಹುದು ಅಂತ ಒಂದು ಕಿಂಡಿ ಬಿಟ್ಟಿದ್ದಾರೆ, ಅದಕ್ಕೇ ಹೊಲದಾಗ ಯಾರನ್ನ ಕೇಳಿದ್ರೂ ಎಲ್ಲಾ "ನಮ್ಮ ಅಣ್ಣನ ಮಗಳು"ನೇ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿದಾಗ ಮಕ್ಕಳ ದುಡಿಮೆ ಬಗ್ಗೆ ಇರೋ 32ನೇ ವಿಧಿಗೆ ಮಾತ್ರ ಇದನ್ನ ಹಂತಹಂತವಾಗಿ ಮಾಡ್ತೀವಿ ಅಂತ ಒಂದು ಹೇಳಿಕೆ ಸೇರಿಸಿತು, ಜಿನೀವಾದಲ್ಲಿರೋ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒದ, ಮಕ್ಕಳ ದುಡಿಮೆ ಬಗ್ಗೆ ಇರೋ 138 ಮತ್ತು 182ನೇ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿದ್ದು 2017ರಲ್ಲಿ. ಇದನ್ನೆಲ್ಲ ಓದಿದಾಗ ಆ ಹುಡುಗಿ ಹೊಲಕ್ಕೂ ಜಿನೀವಾಕ್ಕೂ ಮಧ್ಯೆ ಒಂದು ದಾರ ಇದೆ ಅಂತ ಕಂಡಿತು ನಂಗೆ. ಹುಡುಗಿ ಸ್ಕೂಲಿಗೆ ವಾಪಸ್ ಬಂದ್ಲು ಅಂತ ಹೇಳಬೇಕು ಅನ್ಸುತ್ತೆ, ಬರಲಿಲ್ಲ, ಮುಂದಿನ ವರ್ಷ ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋದ್ರು.

ಅದಕ್ಕೆ ನನ್ನ ಸಲಹೆ, ಮೊದ್ಲು ಇಲ್ಲೇ ಎಂಎಸ್‌ಡಬ್ಲ್ಯೂ. ಬಳ್ಳಾರಿ ಕೃಷ್ಣದೇವರಾಯ ವಿವಿ ಐತೆ, ಕಲಬುರಗಿ ಹತ್ರ ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ ಐತೆ, ಅದಕ್ಕೆ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್ ಮಾಡಿಸಿಟ್ಕೋ, ನಮ್ಮ ಭಾಗದ ರಾಜ್ಯ ವಿವಿಗಳಲ್ಲಿ ನೂರಕ್ಕೆ 70 ಸೀಟು ನಮಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಸೆಂಟ್ರಲ್‌ನಾಗ ಅದು ನಡೆಯಲ್ಲ.

ಕೊಪ್ಪಳದಿಂದ:
ಮ್ಯಾಲಿನ ಅಕ್ಕಾರು ಹೇಳಿದ್ದು ಖರೆ ಐತಿ ಆದ್ರ ಪಗಾರದ ಮಾತೇ ಎತ್ತಲಿಲ್ಲ. ಎಂಎಸ್‌ಡಬ್ಲ್ಯೂ ಮಾಡಿದ ನಮ್ಮ ಬ್ಯಾಚಿನಾಗ ಅರ್ಧಕ್ಕರ್ಧ ಮಂದಿ ತೋರಣಗಲ್ಲು, ಗಿಣಿಗೇರಿ ಫ್ಯಾಕ್ಟರಿಗಳ ಎಚ್‌ಆರ್, ಇಲ್ಲಾಂದ್ರ ಸಿಎಸ್‌ಆರ್ ಅಂತ ಕಂಪನಿ ಸಮಾಜಕ್ಕ ಖರ್ಚು ಮಾಡೋ ವಿಭಾಗ ಸೇರ್ಯಾರ. ಹೊಗಿ ಕುಡಿಯೋ ಊರಿಗೆ ಅದೇ ಕಂಪನಿ ದುಡ್ಡಿಲೆ ಹೆಲ್ತ್ ಕ್ಯಾಂಪ್ ಮಾಡ್ತಾರ, ಅವರನ್ನ ಬೈಯೂದಿಲ್ಲ ನಾನು, ಮನಿ ನಡೀಬೇಕಲ್ಲ. ಉಳಿದೋರು ಪ್ರಾಜೆಕ್ಟ್ ಮ್ಯಾಲ, ಮಾರ್ಚ್ ಬಂತಂದ್ರ ಕಾಂಟ್ರ್ಯಾಕ್ಟ್ ರಿನ್ಯೂ ಆಗತೈತೋ ಇಲ್ಲೋ ಅಂತ ಎದಿ ಬಡಕೊಂತ ಕುಂದರ್ತೀವಿ. ನನಗ ಒಂದ್ಸಲ ಐದು ತಿಂಗಳ ಪಗಾರ ನಿಂತಿತ್ತು.

ನಾನು ದೇವದಾಸಿ ತಾಯಂದಿರ ಮಕ್ಕಳ ಜೋಡಿ ಕೆಲಸ ಮಾಡತೀನಿ. ಮುತ್ತು ಕಟ್ಟಿ ದೇವರಿಗೆ ಬಿಡೂದು ನಿಷೇಧ ಆಗಿದ್ದು 1982ರ ಕಾಯ್ದಿಯೊಳಗ, ಇವತ್ತಿಗೂ ಅಡ್ಮಿಶನ್ ಫಾರ್ಮಿನಾಗ ಅಪ್ಪನ ಹೆಸರಿನ ಕಾಲಮ್ಮಿಗೆ ಬಂದು ಹುಡುಗರ ಪೆನ್ನು ನಿಂದರ್ತೈತಿ. ಮಹಿಳಾ ಹಕ್ಕುಗಳ ಸೀಡಾ ಒಪ್ಪಂದಕ್ಕ 1993ರಾಗ ಅನುಮೋದನೆ ಕೊಡುವಾಗ ನಮ್ಮ ಸರ್ಕಾರ ಏನಂತು ಗೊತ್ತೇನು, ಸಮುದಾಯಗಳ ಖಾಸಗಿ ವಿಷಯದಾಗ ಅವರಾಗೇ ಮುಂದ ಬರದ ಕೈ ಹಾಕೂದಿಲ್ಲ ಅಂತು. ಇದನ್ನ ನಾ ಯಾವ ಟ್ರೇನಿಂಗಿನಾಗ ಹೇಳಿದ್ರೂ ಹಿರೇರು ಒಬ್ರರ ಎದ್ದು "ಹಕ್ಕು ಗಿಕ್ಕು ಎಲ್ಲಾ ಫಾರಿನ್ನಿನ ಮಾತು" ಅಂತಾರ. ಆ ತಾಯಂದಿರು ಮಾತ್ರ ಹಂಗಂದಿದ್ದು ಕೇಳಿಲ್ಲ ನಾ, ಒಮ್ಮಿನೂ.

ರಾಯಚೂರಿನವ, ಬ್ರಿಟನ್‌ನಾಗ ಒಂದು ವರ್ಷ ಓದಿ ಬಂದೀನಿ:
ತಂಗಿ, ಒಂದು ಮಾತು ಯಾರೂ ಹೇಳಂಗಿಲ್ಲ, ನಾ ಹೇಳ್ತೀನಿ ಕೇಳು. ಮಾನವ ಹಕ್ಕು, ಅಂತರರಾಷ್ಟ್ರೀಯ ಸೋಶಿಯಲ್ ವರ್ಕ್ ಅಂತ ಹೆಸರಿರೋ ಮಾಸ್ಟರ್ಸ್ ಓದಿದ್ರ ಆ ದೇಶದಾಗ ಸೋಶಿಯಲ್ ವರ್ಕರ್ ಆಗಾಕ ಬರ್ತದ ಅಂತ ತಿಳ್ಕೋಬ್ಯಾಡ. ಬ್ರಿಟನ್ನಿನಾಗ ಸೋಶಿಯಲ್ ವರ್ಕರ್ ಅನ್ನೋ ಹೆಸರಿಗೇ ಕಾನೂನಿನ ಕಾವಲು ಅದ, ರಿಜಿಸ್ಟರ್ ಆಗದ ಹಾಕ್ಕೊಳ್ಳಂಗಿಲ್ಲ, ಆ ರಿಜಿಸ್ಟರಿಗೆ ಮಾನ್ಯತೆ ಇರೋ ಕೋರ್ಸೇ ಬೇರೆ. ಸ್ವೀಡನ್ನಿನಾಗೂ ಅಲ್ಲಿ ಕೆಲಸ ಮಾಡೋರು ಸೋಶಿಯೋನೋಮ್ ಅಂತ ಮೂರೂವರೆ ವರ್ಷದ ಡಿಗ್ರಿ ಓದಿರ್ತಾರ, ಅದು ಸ್ವೀಡಿಶ್ ಭಾಷೆಯೊಳಗ. ನನ್ನ ಜೋಡಿ ಬಂದಿದ್ದ ಕೇರಳದ ಹುಡುಗ ಇದು ಗೊತ್ತಿಲ್ದ ಎಜುಕೇಶನ್ ಲೋನ್ ತಗೊಂಡು ಬಂದು ಕಡೀಗೆ ವೃದ್ಧಾಶ್ರಮದಾಗ ಕೇರ್ ವರ್ಕ್ ಮಾಡಿ ಲೋನ್ ತೀರಿಸಿದ. ಇವು ಸಂಶೋಧನೆ, ಪಾಲಿಸಿ, ಎನ್‌ಜಿಒ ಕೆಲಸಕ್ಕ ಆಗೋ ಕೋರ್ಸ್, ವಾಪಸ್ ಬರೋರಿಗೆ ಚಲೋ.

ದುಡ್ಡು: ಸ್ವೀಡನ್ 2011ರಿಂದ ಯುರೋಪಿನ ಹೊರಗಿನೋರಿಗೆ ಫೀಸ್ ಹಚ್ಚೇತಿ. ಅರ್ಜಿ ಜನವರಿ ನಡುವಿಗೇ ಮುಗೀತದ, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯೊಳಗ 6.5 ಬೇಕು. ಎಸ್ಸಿ ಎಸ್ಟಿ ಇದ್ರ ಹೊರದೇಶದಾಗ ಓದಾಕ ರೊಕ್ಕ ಕೊಡೋ ರಾಜ್ಯದ ಪ್ರಬುದ್ಧ ಯೋಜನೆ ನೋಡು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪೂ ಅದ, ಆದ್ರ 2022ರಾಗ ಅದರ ನಿಯಮ ಬದಲಿಸಿ ಭಾರತದ ಸಂಸ್ಕೃತಿ, ಇತಿಹಾಸ, ಭಾರತದ ಮ್ಯಾಲಿನ ಸಾಮಾಜಿಕ ಅಧ್ಯಯನದ ವಿಷಯ ತಗೊಂಡ್ರ ಕೊಡಂಗಿಲ್ಲ ಅಂದಾರ. ಅಂದ್ರ ಮಾದಿಗರ ಓಣಿ ಹುಡುಗ ತನ್ನ ಓಣಿ ಬಗ್ಗೆ ಹೊರಗ ಹೋಗಿ ಓದ್ತೀನಂದ್ರ ಆ ರೊಕ್ಕ ಸಿಗಂಗಿಲ್ಲ! ಅರ್ಜಿ ಬರೆಯೂ ಮುಂದ ಇದು ನೆನಪಿರ್ಲಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷ ಕೆಲಸ ಮಾಡಿರಬೇಕು, ಮುಗಿದ ಮ್ಯಾಲ ಎರಡು ವರ್ಷ ಊರಿಗೆ ಬಂದಿರಬೇಕು. ಹಿಂಗಾಗಿ ಸೀದಾ ಹೋಗೋದಕ್ಕಿಂತ ಎಂಎಸ್‌ಡಬ್ಲ್ಯೂ, ಎರಡು ವರ್ಷ ಕೆಲಸ, ಆಮ್ಯಾಲ ಹೋಗೋದು ಸಸ್ತಾ ಬೀಳ್ತದ.

ಓದಿದ್ದಕ್ಕ ಪಶ್ಚಾತ್ತಾಪ ಇಲ್ಲ ನನಗ. ಕ್ಲಾಸಿನಾಗ ಉಗಾಂಡದ ಹೆಣ್ಮಗಳು ತಮ್ಮೂರಿನ ನಿರಾಶ್ರಿತರ ಕ್ಯಾಂಪ್ ಬಗ್ಗೆ ಮಾತಾಡ್ತಿದ್ಲು, ನಾ ಬಾಯಿ ಬಿಟ್ಕೊಂಡು ಕೇಳ್ತಿದ್ದೆ, ನಮ್ಮ ಜಿಲ್ಲಾದಾಗೇ ಅಂಥಾದ್ದು ಇದ್ದಿದ್ದು ಹೊಳೀಲೇ ಇಲ್ಲ. ಸಿಂಧನೂರಿನಾಕಿ ನೀ, ನಿನಗ ಗೊತ್ತಿರ್ತದ.

ಕೇಳಿದಾಕಿ, ಸಿಂಧನೂರು:
ಬಂಗಾಳಿ ನಿರಾಶ್ರಿತರು ಇರೋ ನಮ್ಮ ಆರ್‌ಎಚ್ ಕ್ಯಾಂಪೇನ್ರಿ ಅಣ್ಣ? ನನ್ನ ಪಿಯು ಗೆಳತಿ ಅಲ್ಲಿಯಾಕಿನೇ! ಮನ್ಯಾಗ ಬಂಗಾಳಿ, ಹೊರಗ ನಮ್ಮಂಗೇ ಕನ್ನಡ, ಅವರ ಅಜ್ಜ ಪೂರ್ವ ಪಾಕಿಸ್ತಾನದಿಂದ ಬಂದೋರು. ಅವರಪ್ಪ ಯಾವ ಆಫೀಸಿಗೆ ಹೋದ್ರೂ ಒಂದು ಕಾಗದ ಕಡಿಮಿ ಬೀಳ್ತದ ಅಂತಾರ. ನಾವು ಅವರ ಮನಿ ಮೀನಿನ ಸಾರು ಉಣ್ಣಾಕ ಹೋಗ್ತಿದ್ವಿ ಅಷ್ಟೇ, ಇದು ಮಾನವ ಹಕ್ಕಿನ ವಿಷಯ ಅಂತ ನನಗೂ ಹೊಳ್ದಿರ್ಲಿಲ್ಲ.

ಬಳ್ಳಾರಿಯಿಂದ, ಮತ್ತೆ:
ಹಂಗಾದ್ರೆ ನಿನ್ನ ಡಿಸರ್ಟೇಶನ್‌ಗೆ, ಅಂದ್ರೆ ಮಾಸ್ಟರ್ಸ್ ಪ್ರಬಂಧಕ್ಕೆ, ವಿಷಯ ಸಿಕ್ತು ಬಿಡು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದ್ರೆ 1948ರ ಮಾನವ ಹಕ್ಕುಗಳ ಘೋಷಣೆ 15ನೇ ವಿಧಿ ಪ್ರತಿಯೊಬ್ಬರಿಗೂ ಒಂದು ರಾಷ್ಟ್ರೀಯತೆಯ ಹಕ್ಕಿದೆ ಅನ್ನುತ್ತೆ. 2019ರ ಪೌರತ್ವ ತಿದ್ದುಪಡಿಗೆ ನಿಯಮ ಬಂದಿದ್ದು 2024ರ ಮಾರ್ಚ್‌ಗೆ. ಇವೆರಡರ ನಡುವೆ ನಿನ್ನ ಗೆಳತಿ ಅಪ್ಪನ ಆ ಒಂದು ಕಾಗದ ಎಲ್ಲಿದೆ ಅಂತ ಹುಡುಕು. ಹೋದ ತಕ್ಷಣ ಪ್ರಶ್ನಾವಳಿ ಹಿಡಿಬೇಡ, ಅಲ್ಲಿಗೆ ಎಷ್ಟೋ ಜನ ಫಾರ್ಮ್ ತುಂಬಿಸ್ಕೊಂಡು ಹೋಗಿ ತಿರುಗಿ ನೋಡಿರಲ್ಲ, ಫೋಟೋ ಅಂತೂ ಬೇಡವೇ ಬೇಡ.

ಕೊಪ್ಪಳದಿಂದ:
ಮೀನಿನ ಸಾರು ಉಂಡು ಬಾ ಮೊದ್ಲು.

ಕೇಳಿದಾಕಿ, ಸಿಂಧನೂರು:
ಆಯ್ತ್ರಿ ಎಲ್ಲರಿಗೂ ಥ್ಯಾಂಕ್ಸ್. ಅಪ್ಪಗ ಇದನ್ನೆಲ್ಲಾ ಓದಿ ಹೇಳಿದೆ, ಬಾಳೆಹಣ್ಣಿನ ಮಾತಿಗೆ ನಕ್ಕ, ಪಗಾರದ ಮಾತಿಗೆ ಸುಮ್ನಾದ. 371ಜೆ ಸರ್ಟಿಫಿಕೇಟಿಗೆ ಸೋಮವಾರ ತಹಶೀಲ್ ಆಫೀಸಿಗೆ ಬರ್ತೀನಂದಾನ.