ಗುಕೇಶ್–ಡಿಂಗ್ 14ನೇ ಗೇಮ್: 55ನೇ ನಡೆ ರೂಕ್ ಎಫ್2 ಯಾಕೆ ಸೋಲು?

ಕಪ್ಪುಕುದುರೆ:
ಸಿಂಗಪುರ, 2024ರ ವಿಶ್ವ ಚೆಸ್ ಚಾಂಪಿಯನ್‌ಶಿಪ್, ಸ್ಕೋರ್ 6.5–6.5. 54 ನಡೆ ಆದಮೇಲೆ ಬಿಳಿ (ಆಗಿನ ಚಾಂಪಿಯನ್ ಡಿಂಗ್ ಲಿರೆನ್): ರಾಜ ಜಿ1, ರೂಕ್ (ಆನೆ) ಎಫ್4, ಬಿಷಪ್ (ಒಂಟೆ) ಎ8, ಪಾನ್ (ಕಾಲಾಳು) ಜಿ3. ಕಪ್ಪು (ಗುಕೇಶ್): ರಾಜ ಇ5, ರೂಕ್ ಬಿ2, ಬಿಷಪ್ ಇ6, ಪಾನ್ ಎಫ್5, ಜಿ4. ಬಿಳಿಗೆ ಒಂದೇ ಪಾನ್ ಕಡಿಮೆ. 55ರಲ್ಲಿ ಡಿಂಗ್ ರೂಕನ್ನು ಎಫ್2ಕ್ಕೆ ತಂದು ಬದಲಾವಣೆಗೆ ಒಡ್ಡಿದರು. ರೂಕ್ ಬದಲಾಯಿಸಿಕೊಂಡರೆ ಡ್ರಾಕ್ಕೆ ಹತ್ತಿರವಾಗಬೇಕಿತ್ತಲ್ಲ?

ಎಂಡ್‌ಗೇಮ್‌ಪ್ರಿಯ:
ತಪ್ಪು ಇರೋದು ಎ8ರ ಬಿಷಪ್‌ನಲ್ಲಿ. ಮೂಲೆಯಲ್ಲಿ ನಿಂತ ಬಿಷಪ್‌ಗೆ ಒಂದೇ ಕರ್ಣ. ರೂಕ್‌ಗಳು ಹೋಗಿ ರಾಜ ಎಫ್2ಕ್ಕೆ ಬಂದಕೂಡಲೇ ಕಪ್ಪು ಬಿಷಪ್ ಡಿ5. ಬಿಳಿ ಬಿಷಪ್ ಬಿ7, ಸಿ6 ಎಲ್ಲಿ ನಿಂತರೂ ಹೊಡೆತ, ಹಾಗಾಗಿ ಬದಲಾಯಿಸಿಕೊಳ್ಳಲೇಬೇಕು. ಅದೇ ಬಿಷಪ್ ಬಿ7ನಲ್ಲಿದ್ದಿದ್ದರೆ ಎ6 ಅಥವಾ ಸಿ8ಕ್ಕೆ ಜಾರಿಕೊಳ್ಳಬಹುದಿತ್ತು. ರೂಕನ್ನು ನಾಲ್ಕನೇ ಸಾಲಿನಲ್ಲೇ ಎ4ಕ್ಕೆ ಸರಿಸಿದ್ದರೆ ಸಾಕಿತ್ತು.

ಕಪ್ಪುಕುದುರೆ:
ಸರಿ, ಆದರೆ ಬಿಷಪ್ ಹೋದಮೇಲೂ ಬಿಳಿ ರಾಜ ಪಾನ್‌ಗಳ ಮುಂದೆಯೇ ಇದೆಯಲ್ಲ?

ಜಿ4ಪಾನ್:
57ರಲ್ಲಿ ಡಿ5 ಮೇಲೆ ಬಿಷಪ್‌ಗಳು ಹೋದವು. 58ರಲ್ಲಿ ಬಿಳಿ ರಾಜ ಇ3, ಕಪ್ಪು ರಾಜ ಇ5. ಎದುರುಬದುರು, ಆಡಬೇಕಾದ್ದು ಬಿಳಿ, ಹಾಗಾಗಿ ದಾರಿ ಬಿಡಬೇಕಾದ್ದೂ ಬಿಳಿ ರಾಜನೇ. ಅಲ್ಲೇ ಡಿಂಗ್ ಸೋಲೊಪ್ಪಿದರು.

ಬಿಳಿ ರಾಜ ಡಿ3ಕ್ಕೆ ಹೋದರೆ ಕಪ್ಪು ಪಾನ್ ಎಫ್4! ಜಿ×ಎಫ್4 (× ಅಂದರೆ ಹೊಡೆತ) ಚೆಕ್, ರಾಜ×ಎಫ್4, ರಾಜ ಇ2, ರಾಜ ಜಿ3. ಇನ್ನು ಕಪ್ಪು ಪಾನನ್ನು ತಡೆಯೋಕಾಗಲ್ಲ. ಆದರೆ ಬಿಳಿ ರಾಜ ಎಫ್2ಕ್ಕೆ ಹಿಂದೆ ಹೋದರೆ ಇದೇ ಎಫ್4 ಆಡಬಾರದು! ಪಾನ್ ಬದಲಾದಮೇಲೆ ಬಿಳಿ ರಾಜ ಜಿ2ಕ್ಕೆ ಬಂದು ಎಫ್3, ಜಿ3, ಎಚ್3 ಮೂರನ್ನೂ ಮುಚ್ಚಿಬಿಡುತ್ತೆ, ಡ್ರಾ. ಅಲ್ಲಿ ಸರಿಯಾದ ನಡೆ ಕಪ್ಪು ರಾಜ ಡಿ4. ಮುಂದೆ ಸರದಿಯಂತೆ ಬಿಳಿ ರಾಜ ಇ2, ಕಪ್ಪು ರಾಜ ಇ4, ರಾಜ ಎಫ್2, ರಾಜ ಡಿ3, ರಾಜ ಎಫ್1, ರಾಜ ಇ3, ರಾಜ ಜಿ2, ರಾಜ ಇ2. ಪಾನ್ ಮುಟ್ಟದೆ ಸುತ್ತಿಬಂದು ಜಿ3 ಕಿತ್ತುಕೊಳ್ಳೋದು. ಬೋರ್ಡ್ ಮೇಲೆ ಇಟ್ಟು ಎರಡೂ ದಾರಿ ಆಡಿ ನೋಡಿ, ಪುಸ್ತಕ ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತೆ.

ಎಂಡ್‌ಗೇಮ್‌ಪ್ರಿಯ:
ಗುಕೇಶ್‌ಗೂ ಡಿಂಗ್ ಮಾಡಿದ ತಪ್ಪು ತಕ್ಷಣ ಕಾಣಲಿಲ್ಲ. ರೂಕ್ ಬಿ3 ಆಡೋದರಲ್ಲಿದ್ದೆ, ಆಮೇಲೆ ಬಿಷಪ್ ಸಿಕ್ಕಿಬಿದ್ದಿದ್ದು ಕಂಡಿತು ಅಂತ ಅವರೇ ಹೇಳಿದ್ದಾರೆ. ಡಿಂಗ್ ಗಡಿಯಾರದಲ್ಲಿ ಸಮಯವೂ ತೀರಾ ಕಡಿಮೆ. ಗಂಟೆಗಟ್ಟಲೆ ಡ್ರಾ ಕಾಯ್ದವರು ರೂಕ್ ಬದಲಾವಣೆ ನೋಡಿದ ತಕ್ಷಣ ನಿಟ್ಟುಸಿರು ಬಿಡ್ತಾರೆ, ಅಪಾಯ ಇರೋದೇ ಅಲ್ಲಿ. ಕಾಯಿ ಬದಲಾಯಿಸೋ ಮುಂಚೆ ಉಳಿಯೋ ಪಾನ್ ಎಂಡಿಂಗನ್ನು (ರಾಜ, ಪಾನ್ ಮಾತ್ರ ಉಳಿದ ಕೊನೆಯಾಟವನ್ನು) ಕೊನೆವರೆಗೂ ಲೆಕ್ಕ ಹಾಕಲೇಬೇಕು, ಐದೇ ನಿಮಿಷ ಇದ್ದರೂ.