ಎರಡು ಚಳಿಗಾಲ, ಎರಡು ಕವರ್ ಹರಿದವು. ದೋಣಿಗೆ ಬಾಳಿಕೆ ಬರುವ ಹೊದಿಕೆ ಯಾವುದು?

ಕೆರೆಮೀನು:
ತುಂಬಾ ಬೇಜಾರಾಗಿ ಬರೆಯುತ್ತಿದ್ದೇನೆ. ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಹಿಮ ಬೀಳುವ ಊರು. 16 ಅಡಿಯ ಅಲ್ಯೂಮಿನಿಯಂ ದೋಣಿ, ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಮೋಟರ್. ಮೊದಲ ವರ್ಷ ನೀಲಿ ಟಾರ್ಪಾಲು ಹಾಕಿದ್ದೆ, ಜನವರಿಗೇ ಚಿಂದಿಯಾಯಿತು. ಕಳೆದ ವರ್ಷ 600 ಡೀನಿಯರ್ ಪಾಲಿಯೆಸ್ಟರ್ ಕವರ್ ತಂದೆ, ಒಳ್ಳೆ ದುಡ್ಡು ಕೊಟ್ಟೇ ತಂದೆ. ಏಪ್ರಿಲ್‌ನಲ್ಲಿ ಬಿಚ್ಚಿ ನೋಡಿದರೆ ನಡುವೆ ಒಂದು ಮೊಳ ಹರಿದಿದೆ. ಸೀಟಿನ ಮೇಲೆಲ್ಲ ಬೂಷ್ಟು. ಮಗಳೂ ನಾನೂ ಎರಡು ಭಾನುವಾರ ಕೂತು ಉಜ್ಜಿದೆವು. ಅಂಗಡಿಯವರು ವಾರಂಟಿ ಇಲ್ಲ ಅಂದುಬಿಟ್ಟರು. ಅಕ್ಟೋಬರ್ ಬಂದಾಯಿತು, ಇನ್ನು ಹೆಚ್ಚು ದಿನ ಇಲ್ಲ. ಐದು ವರ್ಷ ಬಾಳುವ ಬಟ್ಟೆ ಯಾವುದು? ಹೆಸರು ಹೇಳಿದರೆ ಸಾಕು.

ಗಾಳದವ:
ಸರ್, ಡೀನಿಯರ್ ನೋಡಿ ಕೊಳ್ಳುವುದೇ ತಪ್ಪು. ಅದು ನೂಲಿನ ದಪ್ಪದ ಲೆಕ್ಕ ಅಷ್ಟೇ: 9,000 ಮೀಟರ್ ನೂಲು 600 ಗ್ರಾಂ ತೂಗಿದರೆ 600 ಡೀನಿಯರ್. ಬಣ್ಣ ಹೇಗೆ ಹಾಕಿದ್ದಾರೆ ಅನ್ನುವುದನ್ನು ನೋಡಿ. ನೂಲು ತೆಗೆಯುವಾಗಲೇ ಬಣ್ಣ ಸೇರಿಸಿದ ಬಟ್ಟೆ ಬಿಸಿಲು ತಡೆಯುತ್ತದೆ. ನೇಯ್ದ ಮೇಲೆ ಬಣ್ಣ ಹಾಕಿದ್ದು ಬೇಗ ಮಾಸುತ್ತದೆ. ನಿಮ್ಮದು ಬಿಸಿಲಿಗೇ ಹೋಗಿದೆ. ಬೆರಳಲ್ಲಿ ಉಜ್ಜಿ, ಪುಡಿ ಬರುತ್ತಾ?

ಕೆರೆಮೀನು:
ಇಲ್ಲ. ಪುಡಿ ಬರುತ್ತಿಲ್ಲ, ಬಣ್ಣವೂ ಹಾಗೇ ಇದೆ.

ಗಾಳದವ:
ಕಣ್ಣಿಗೆ ಕಾಣದಿದ್ದರೂ ನೂಲು ಸತ್ತಿರುತ್ತದೆ. ನಾನು ಸನ್‌ಬ್ರೆಲ್ಲಾ ಬ್ರಾಂಡಿನ ಅಕ್ರಿಲಿಕ್ ಬಟ್ಟೆ ತಂದು ಅಳತೆ ಕೊಟ್ಟು ಹೊಲಿಸಿದ್ದೇನೆ. ಇದು ಏಳನೇ ವರ್ಷ. ಒಂದು ಹೊಲಿಗೆಯೂ ಬಿಟ್ಟಿಲ್ಲ.

ಹಾಯಿಪಟ:
ಬಟ್ಟೆಯ ಗೋಜೇ ಬೇಡ. ಇಲ್ಲಿ ಕೆನಡಾದ ಒಂಟಾರಿಯೋದಲ್ಲಿ ಎಷ್ಟೋ ಜನ ಶ್ರಿಂಕ್ ರ‍್ಯಾಪ್ ಮಾಡಿಸುತ್ತಾರೆ. ಅಂದರೆ ದೋಣಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿ ಕೊಡುತ್ತಾರೆ, ಅದು ಡೊಳ್ಳಿನ ಚರ್ಮದ ಹಾಗೆ ಬಿಗಿಯುತ್ತದೆ, ಹಿಮ ಜಾರಿ ಹೋಗುತ್ತದೆ. ಗಾಳಿಗಿಂಡಿ ಮಾತ್ರ ಮರೆಯದೆ ಹಾಕಿಸಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ.

ಗಾಳದವ:
ಪ್ರತಿ ವಸಂತದಲ್ಲಿ ಅಷ್ಟೂ ಪ್ಲಾಸ್ಟಿಕ್ ಹರಿದು ಎಸೆಯಬೇಕು. ಅದೂ ಅಲ್ಲದೆ ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಬಿಸಿ ಕೊಡಲು ಪ್ರೊಪೇನ್ ಗ್ಯಾಸಿನ ಬೆಂಕಿ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಯಿಪಟ:
ಕೆಲಸ ಗೊತ್ತಿರುವವರು ಮಾಡಿದರೆ ಏನೂ ಆಗಲ್ಲ ಸರ್. ಪ್ಲಾಸ್ಟಿಕ್ ಅನ್ನು ಮರುಬಳಕೆಗೆ ತೆಗೆದುಕೊಳ್ಳುವ ಕಡೆಗಳೂ ಇವೆ. ನೀವು ಸನ್‌ಬ್ರೆಲ್ಲಾಕ್ಕೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಸಲ ಶ್ರಿಂಕ್ ರ‍್ಯಾಪ್ ಆಗುತ್ತಿತ್ತು, ಲೆಕ್ಕ ಹಾಕಿ.

ಕಡಲತಡಿ:
ಮಾರಾಯ್ರೇ, ಇಬ್ಬರೂ ಸ್ವಲ್ಪ ತಡೀರಿ. ನಾನು ಮಲ್ಪೆಯವನು, ಹಿಮ ಕಂಡವನಲ್ಲ. ಆದರೆ ಯಾಂತ್ರೀಕೃತ ದೋಣಿಗಳಿಗೆ ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಸಣ್ಣ ದೋಣಿಗಳನ್ನು ದಡಕ್ಕೆ ಎಳೆದು ಮುಚ್ಚುತ್ತೇವೆ. ಮೊದಲು ಮೂತಿಯಿಂದ ಹಿಂಬದಿಯವರೆಗೆ ಬಿದಿರೋ ಅಡಿಕೆ ದಬ್ಬೆಯೋ ಕಟ್ಟಿ ಮನೆಯ ಮಾಡಿನ ಹಾಗೆ ಇಳಿಜಾರು ಮಾಡುತ್ತೇವೆ. ಆಮೇಲೆ ಅದರ ಮೇಲೆ ಟಾರ್ಪಾಲು ಅಥವಾ ತೆಂಗಿನ ಮಡಲು. ಕೆರೆಮೀನು, ನೀವು ನಡುವೆ ಆಧಾರಕ್ಕೆ ಏನು ಕೊಟ್ಟಿದ್ದೀರಿ?

ಕೆರೆಮೀನು:
ನಡುವೆ ಏನೂ ಇಲ್ಲ. ಕವರ್ ಜೊತೆ ಬಂದ ಹಗ್ಗ ಬಿಗಿದು ಕಟ್ಟಿದ್ದೆ. ದೋಣಿ ಟ್ರೇಲರ್ ಮೇಲೆ, ಗ್ಯಾರೇಜಿನ ಸೂರಿಗೆ ತಾಗಿ ನಿಂತಿರುತ್ತದೆ. ಸೂರಿನ ಹಿಮ ಒಮ್ಮೊಮ್ಮೆ ಅದರ ಮೇಲೇ ಜಾರಿ ಬೀಳುತ್ತದೆ. ಇದೆಲ್ಲ ಹೇಳಬೇಕಿತ್ತಾ?

ಕಡಲತಡಿ:
ಮೊದಲು ಹೇಳಬೇಕಿದ್ದದ್ದೇ ಅದು! ಹರಿದ ಕಡೆ ಸುತ್ತ ಏನಾದರೂ ಗೆರೆ ಇದೆಯಾ ನೋಡಿ.

ಕೆರೆಮೀನು:
ಈಗ ಅಂಗಳದಲ್ಲಿ ಹಾಸಿ ನೋಡಿದೆ. ಇದೆ. ಗಂಜಿ ಒಣಗಿದ ತಟ್ಟೆಯಲ್ಲಿ ಉಳಿಯುವ ಹಾಗೆ, ಒಂದರೊಳಗೊಂದು ಮೂರ‍್ನಾಲ್ಕು ಉಂಗುರ. ಹೊರಗಿನದು ಸುಮಾರು ಎರಡೂವರೆ ಅಡಿ ಅಗಲ. ಹರಿದಿರುವುದು ಸರಿಯಾಗಿ ಅದರ ನಡುವೆ, ಕೆಳಗೆ ಸೀಟಿನ ಮೂಲೆ ಚುಚ್ಚುವ ಜಾಗದಲ್ಲಿ.

ಕಡಲತಡಿ:
ನೀರು ನಿಂತ ಗುರುತು ಅದು. ಒಂದು ಚದರ ಮೀಟರ್‌ನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ 50 ಲೀಟರ್, ಅಂದರೆ 50 ಕಿಲೋ. ನಿಮ್ಮಲ್ಲಿ ಅದು ಗಡ್ಡೆ ಕಟ್ಟುತ್ತದೆ, ಮೇಲೆ ಸೂರಿನ ಹಿಮವೂ ಬೀಳುತ್ತದೆ. ಯಾವ ಬಟ್ಟೆ ತಡೆದೀತು? ಗ್ಯಾರೇಜಿನಿಂದ ದೋಣಿಯನ್ನು ದೂರ ಸರಿಸಿ. ನಡುವೆ ಮರದ ಪಟ್ಟಿಯನ್ನು ಕಂಬ ಕೊಟ್ಟು ಎತ್ತರಿಸಿ, ಮನೆಯ ಮಾಡಿನ ಹಾಗೆ ಇಳಿಜಾರು ಮಾಡಿ. ಮೂತಿ ಎತ್ತರಕ್ಕಿರಲಿ, ಒಳಗಿನ ನೀರು ಇಳಿದುಹೋಗಲು ಹಿಂದಿನ ತೂತಿನ ಬಿರಡೆ (ಡ್ರೇನ್ ಪ್ಲಗ್) ತೆಗೆದಿಡಿ.

ಹಾಯಿಪಟ:
ಇದು ಸರಿ. ಕಂಬದ ತುದಿಗೆ ಹಳೇ ಟೆನಿಸ್ ಚೆಂಡು ಸೀಳಿ ಸಿಕ್ಕಿಸಿ, ಚೂಪು ಮೂಲೆಗಳಿಗೆಲ್ಲ ಕಾರ್ಪೆಟ್ ತುಂಡು ಕಟ್ಟಿ. ಕವರನ್ನು ಟ್ರೇಲರ್‌ಗೆ ಬೆಲ್ಟ್ ಹಾಕಿ ಬಿಗಿಯಿರಿ, ಗಾಳಿಗೆ ಪಟಪಟ ಹೊಡೆದುಕೊಂಡರೂ ಬಟ್ಟೆ ಸವೆಯುತ್ತದೆ. ಎರಡೂ ತುದಿಯಲ್ಲಿ ಗಾಳಿಗೆ ಸಂದಿ ಇರಲಿ. ಬೂಷ್ಟು ಬಂದದ್ದು ಹರಿದದ್ದರಿಂದ ಮಾತ್ರ ಅಲ್ಲ, ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಗಾಳದವ:
ಆಧಾರ ಬೇಕು, ಒಪ್ಪಿದೆ. ಆದರೂ ಬಟ್ಟೆ ಒಳ್ಳೆಯದೇ ಇರಲಿ. ನನ್ನ ದೋಣಿ ಈಗ ಶೆಡ್ಡಿನಲ್ಲಿದೆ.

ಹಾಯಿಪಟ:
ಶೆಡ್ಡು ಇದ್ದವರಿಗೆ ಏಳು ವರ್ಷ ಬಾಳದೆ ಇನ್ನೇನು ಸರ್! ಮೊದಲೇ ಹೇಳಬಾರದಿತ್ತಾ?

ಗಾಳದವ:
ಶೆಡ್ಡು ಕಟ್ಟಿ ಎರಡೇ ವರ್ಷ. ಮೊದಲ ಐದು ಚಳಿಗಾಲ ಹೊರಗೇ ಇತ್ತು.

ಕೆರೆಮೀನು:
ಶನಿವಾರ ಮಗಳ ಜೊತೆ ಸೇರಿ ಮಾಡು ಕಟ್ಟಿದೆ. ದೋಣಿಯನ್ನು ಸೂರಿನಿಂದ ಎಂಟು ಅಡಿ ಸರಿಸಿದೆ. ಸದ್ಯಕ್ಕೆ ಮೇಲೆ ಟಾರ್ಪಾಲು ಹೊದಿಸಿ ಪೈಪಿನಲ್ಲಿ ನೀರು ಬಿಟ್ಟು ನೋಡಿದೆ. ನೀರು ಎರಡು ಕಡೆಯೂ ಚೆನ್ನಾಗಿ ಇಳಿದುಹೋಯಿತು. ಹಿಂದೆ ಮೋಟರ್ ಹತ್ತಿರ ಮಾತ್ರ ಅಂಗೈಯಷ್ಟು ನೀರು ನಿಲ್ಲುತ್ತಿದೆ. ಮತ್ತೆ, ಹರಿದ ಕವರನ್ನೇ ಹೊಲಿಸಿ ಹಾಕಬಹುದಾ?

ಕಡಲತಡಿ:
ಅಂಗೈಯಷ್ಟು ಅಂತ ಬಿಡಬೇಡಿ, ಅಲ್ಲಿಗೂ ಒಂದು ಗಿಡ್ಡ ಕಂಬ ಕೊಡಿ. ಬಣ್ಣ ಹೋಗಿಲ್ಲ ಅಂದಿರಲ್ವಾ, ಬಟ್ಟೆ ಇನ್ನೂ ಗಟ್ಟಿ ಇರಬಹುದು. ಒಳಗೊಂದು ಹೊರಗೊಂದು ತೇಪೆ ಇಟ್ಟು ಪಾಲಿಯೆಸ್ಟರ್ ನೂಲಿನಲ್ಲಿ ಹೊಲಿಸಿ. ಹತ್ತಿ ನೂಲು ಬೇಡ, ಕೊಳೆಯುತ್ತದೆ.

ಹಾಯಿಪಟ:
ಮೋಟರನ್ನು ಮೇಲೆತ್ತಿ ಇಟ್ಟಿದ್ದೀರಾ? ನೆಟ್ಟಗೆ ಇಳಿಸಿಡಿ, ಒಳಗಿನ ನೀರು ಪೂರ್ತಿ ಇಳಿಯಬೇಕು. ಉಳಿದರೆ ಹೆಪ್ಪುಗಟ್ಟಿ ಒಡೆಯುತ್ತದೆ.

ಕೆರೆಮೀನು:
ಅಯ್ಯೋ, ಮೇಲೆತ್ತಿಯೇ ಇಟ್ಟಿದ್ದೇನೆ. ಈಗಲೇ ಹೋಗಿ ಇಳಿಸುತ್ತೇನೆ.